ತುಕ್ಕು ಹೆರೆಯುವ ಕಜೆಟನ್ ಪೊರ್ಬು

“ಎಲ್ಲಿ ಅಡಗಿ ಕುಳಿತಿದ್ದಿ, ಹೇಳು?”

ಕಜೆಟನ್ ಮಥಾಯಸ್ ಕೇಳುವುದು ಯಾರನ್ನೂ ಅಲ್ಲ. ಕಾಪುವಿನ ಗದ್ದೆಯಂಚಿನ ಈ ಶೆಡ್ಡಿನೊಳಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಸೀಮೆಎಣ್ಣೆ ಪಂಪ್‌ಸೆಟ್ಟಿನ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಕಬ್ಬಿಣದ ಮೇಲೆ ಬೆರಳಾಡಿಸಿ ತುಕ್ಕು ಹುಡುಕುತ್ತಾರೆ. ನಿನ್ನೆ ಆಯುಧಪೂಜೆ. ಟ್ಯಾಂಕಿಗೆ ಸೇವಂತಿಗೆ ಮಾಲೆ, ಚಕ್ರಕ್ಕೆ ಗಂಧ, ಶಾಫ್ಟಿಗೆ ಕುಂಕುಮ. ಎಲ್ಲದರ ಮೇಲೆ ಒಡೆದ ಕಾಯಿಯ ನೀರು.

ಕಡಲು ಇಲ್ಲಿಗೆ ಕೂಗಳತೆ. ಬೀಸುವ ಗಾಳಿಯಲ್ಲೇ ಉಪ್ಪು. ಕಾಪುವಿನಿಂದ ಕಟಪಾಡಿಯವರೆಗೆ ಮೂವತ್ತೆಂಟು ಪಂಪುಗಳು ಕಜೆಟನ್ನರ ಪಾಲಿಗಿವೆ. ದಿನಕ್ಕೆ ನಾಲ್ಕು, ಎಲ್ಲವೂ ನಡೆದೇ. ಬೊಂಬಾಯಿಯ ಹಡಗುಕಟ್ಟೆಯಲ್ಲಿ ಎಂಟು ವರ್ಷ ಸರಪಳಿಗಳ ತುಕ್ಕು ಹೆರೆದು, ಕೆಮ್ಮು ಹಿಡಿದು, ಐವತ್ತೊಂಬತ್ತನೇ ಇಸವಿಯಲ್ಲಿ ಊರಿಗೆ ಮರಳಿದವರು. ಕೈಚೀಲದಲ್ಲಿರುವುದು ತೆಂಗಿನ ಸಿಪ್ಪೆ, ಹಳೆ ಪಂಚೆಯ ತುಂಡು, ಜೇನುಮೇಣ ಕರಗಿಸಿದ ಬೂತಾಯಿ ಮೀನಿನೆಣ್ಣೆ.

“ಈ ವಾಸನೆಗೆ ದಾರಿಯಲ್ಲಿ ಬೆಕ್ಕುಗಳು ಹಿಂದೆ ಉಂಟು. ಇಗರ್ಜಿಯಲ್ಲಿ ಪ್ರಾರ್ಥನೆಗೆ ಪಕ್ಕಕ್ಕೆ ಜನ ಇಲ್ಲ. ಎಂತ ಮಾಡುವುದು ಮಾರಾಯ್ರೆ,” ಎಂದು ನಗುತ್ತಾರೆ.

ಹೋದ ವರ್ಷದ ಮಾತು ಬಂದರೆ ನಗು ನಿಲ್ಲುತ್ತದೆ. “ಪೂಜೆಯದ್ದು ಮುಟ್ಟಬಾರದು ಅಂತ ಅತ್ತೆ ಹೇಳಿದರು. ಇವರು ಸುತ್ತ ಎಣ್ಣೆ ಹಚ್ಚಿ ಹೋದರು,” ಎನ್ನುತ್ತಾರೆ ಪಕ್ಕದಲ್ಲೇ ನಿಂತ ಸರಸ, ಈ ಗದ್ದೆಯನ್ನು ಗೇಣಿಗೆ ಮಾಡುವವರು. ಕುಂಕುಮದ ಅಡಿಯಲ್ಲಿ ತೇವ ನಿಂತು ಶಾಫ್ಟಿಗೆ ಗುಳಿ ಬಿತ್ತು. ಸುಗ್ಗಿ ಪೈರು ತೆನೆ ಬಿಡುವ ಹೊತ್ತಿಗೆ ಆ ಗುಳಿ, ಗಾಳಿ ನುಗ್ಗದಂತೆ ಶಾಫ್ಟಿಗೆ ಸುತ್ತಿದ ಹಗ್ಗವನ್ನು ತಿಂದು, ಪಂಪು ಗಾಳಿ ಎಳೆದು ನೀರೆತ್ತುವುದನ್ನು ನಿಲ್ಲಿಸಿತು. ಉಡುಪಿಯಿಂದ ಹೊಸ ಶಾಫ್ಟು ಬರುವಷ್ಟರಲ್ಲಿ ಹನ್ನೆರಡು ದಿನ. ಗದ್ದೆ ಅರ್ಧ ಒಣಗಿತ್ತು.

“ಈ ಸಲವೂ ಹೋದರೆ ಮಳೆಗಾಲಕ್ಕೆ ಗಂಜಿ ಇಲ್ಲ,” ಸರಸ ಮೆಲ್ಲನೆ ಹೇಳುತ್ತಾರೆ.

“ತಪ್ಪು ನನ್ನದು,” ಕಜೆಟನ್ ಹೇಳುತ್ತಾರೆ. “ಇನ್ನೊಬ್ಬರ ದೇವರ ವಿಷಯ ಅಂತ ಬಾಯಿ ಮುಚ್ಚಿದೆ. ಮೊನ್ನೆ ನಮ್ಮ ಪಾದ್ರಿಗಳು ಲೂಯಿಸನ ಪಂಪಿಗೆ ತೀರ್ಥ ಹಾಕಿದರು. ಅದರಲ್ಲಿ ಉಪ್ಪು ಉಂಟಲ್ವಾ? ಶಿಲುಬೆ ಗುರುತು ಮಾಡಿಕೊಂಡೇ ಒರೆಸಿದೆ.”

ಮಾಲೆಯನ್ನು ಎರಡು ಕೈಯಲ್ಲಿ ಎತ್ತಿ ಬಾಳೆಲೆಯ ಮೇಲಿಡುತ್ತಾರೆ. ಗಂಧ ಒರೆಸಿದ ಬಟ್ಟೆಯನ್ನು ನೆಲಕ್ಕೆ ಹಾಕದೆ ಅದರ ಪಕ್ಕಕ್ಕೇ ಮಡಚುತ್ತಾರೆ. ಸರಸ ಅವರ ಅತ್ತೆ ಅಮ್ಮಣ್ಣಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಾರೆ. ಅವರಿಗೆ ಎಪ್ಪತ್ತು ದಾಟಿದೆ. ಈ ಪಂಪು ಅಂಗಳಕ್ಕೆ ಬಂದ ದಿನ ಆರತಿ ಎತ್ತಿದವರು.

“ಪೊರ್ಬುಗಳೇ,” ಎಂದು ಕ್ರೈಸ್ತರನ್ನು ಕರೆಯುವ ಇಲ್ಲಿನ ಮರ್ಯಾದೆಯಲ್ಲೇ ಕರೆಯುತ್ತಾರೆ. “ಮಾಲೆ ತೆಗೆದಿರಿ, ಗಂಧ ಒರೆಸಿದಿರಿ, ನಾನು ಮಾತಾಡಲಿಲ್ಲ. ಶಾಫ್ಟಿನ ಆ ಒಂದು ಬೊಟ್ಟು ಇರಲಿ, ದೀಪಾವಳಿವರೆಗೆ. ನನ್ನ ಕೈಯಾರೆ ಇಟ್ಟದ್ದು.”

ಕಜೆಟನ್ ಎದ್ದು, ಕೈಯ ಎಣ್ಣೆ ಒರೆಸಿಕೊಂಡು, ಮುದುಕಿಗೆ ಕೈ ಮುಗಿಯುತ್ತಾರೆ.

“ಇಲ್ಲಮ್ಮ. ಅದನ್ನು ಒರೆಸದೆ ನಾನು ಬಿಡುವುದಿಲ್ಲ.”