ಸದ್ದಿಲ್ಲದ ವಿಮಾನ ಮತ್ತು ನಮ್ಮಣ್ಣ

ಗೆಳೆಯರೇ, ಇಂದು ಮಧ್ಯಾಹ್ನ ಪೋಲೆಂಡಿನ ಸ್ಪರ್ಧೆಯಲ್ಲಿ ಮಗಳು ಗ್ಲೈಡರ್ ಪಲ್ಟಿ ಹೊಡೆಸುವುದನ್ನು ಟಿವಿಯಲ್ಲಿ ನೇರವಾಗಿ ನೋಡಲು ಕುಳಿತಿದ್ದೆ. ಗ್ಲೈಡರ್‌ಗೆ ಇಂಜಿನ್ ಇರುವುದಿಲ್ಲವೆಂದು ಜೊತೆಗಿದ್ದ ನಮ್ಮಣ್ಣನಿಗೆ ಮೊದಲೇ ಹೇಳಿದ್ದೆ. ಆದರೆ ವಾಯುಪಡೆಯ ವಿಮಾನಗಳು ದಿನವೂ ತಲೆಯ ಮೇಲೆ ಅಬ್ಬರಿಸುವ ಬೀದರಿನಲ್ಲಿ ಇದನ್ನು ಯಾರು ನಂಬುತ್ತಾರೆ?

ಮಗಳ ಗ್ಲೈಡರ್ ತಲೆಕೆಳಗಾದ ಕ್ಷಣಕ್ಕೇ ಅಣ್ಣ ಎದ್ದ. "ಆವಾಜೇ ಬರ್ಲಾಕತ್ತಿಲ್ಲಲ್ಲ ತಂಗಿ, ನಿನ್ ಟಿವಿ ಕೆಟ್ಟದ!" ಎಂದು ಸ್ವಿಚ್ ಆರಿಸಿಯೇ ಬಿಟ್ಟ. ಟಿವಿ ಮತ್ತೆ ಚಾಲೂ ಆಗಿ ನೆಟ್ ಸಿಗುವಷ್ಟರಲ್ಲಿ ಗ್ಲೈಡರ್ ನೆಲಕ್ಕಿಳಿದಿತ್ತು.

"ಇಂಜಿನ್ನೇ ಇಲ್ಲಂದ್ರ ಆವಾಜ್ ಎಲ್ಲಿಂದ ಬರ್ತದೋ ಅಣ್ಣಾ?" ಎಂದು ಕೂಗಾಡಿದೆ.

ಅಷ್ಟರಲ್ಲಿ ಮಗಳ ಫೋನ್. "ಅವ್ವಾ, ನನ್ನ ಪಲ್ಟಿ ನೋಡಿದಿ?"

ಅಣ್ಣ ಫೋನ್ ಕಸಿದುಕೊಂಡ. "ಭಾಳ ಛಲೋ ಹಾರಿಸಿದಿ ಬೇಟಾ. ಬಹುಮಾನ ಬಂದ್ರ ಮೊದಲು ನಿಮ್ಮವ್ವಗೊಂದು ಟಿವಿ ಕೊಡಸು!"

ರೆಕಾರ್ಡಿಂಗ್ ಸಿಗುತ್ತದಂತೆ. ಚಿಲಕ ಹಾಕಿಕೊಂಡು ನೋಡುತ್ತೇನೆ.