ಪಕ್ಕದ ಕೊಳವೆಯ ಗಂಡು ನೊಣ

ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ. ನೊಣದಕ್ಕ ಮಾತ್ರ ನೊಣ ಸಾಕಿಯೇ ಇಪ್ಪತ್ತೆರಡು ವರ್ಷ ಸಂಸಾರ ತೂಗಿಸಿದವಳು. ಪ್ರಯೋಗಾಲಯದಲ್ಲಿ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಸಿ ಗಾಜಿನ ಕೊಳವೆಗಳಿಗೆ ಹುಯ್ಯುವುದು, ಹದಿನೈದು ದಿನಕ್ಕೊಮ್ಮೆ ಹಣ್ಣಿನ ನೊಣಗಳನ್ನು ಹಳೆಯ ಕೊಳವೆಯಿಂದ ಹೊಸದಕ್ಕೆ ತಟ್ಟಿ ಇಳಿಸಿ ಹತ್ತಿ ಮುಚ್ಚುವುದು ಅವಳ ಕೆಲಸ. ಒಂದು ಕೊಳವೆಯ ಸಂತತಿ ಇನ್ನೊಂದಕ್ಕೆ ಸೇರಬಾರದು, ಅಷ್ಟೇ ಶಾಸ್ತ್ರ.

ಆ ಶಾಸ್ತ್ರವನ್ನೇ ಅವಳು ಮುರಿದಳು. ಸಂಶೋಧನೆ ಮಾಡುವ ಹುಡುಗಿಯ ಕೊಳವೆಯಲ್ಲಿ ನಾಲ್ಕೇ ಹೆಣ್ಣು ನೊಣ ಉಳಿದಿದ್ದವು, ಅವೂ ನಿತ್ರಾಣ. ವಂಶವೇ ಅಳಿದೀತು ಪಾಪ ಎಂದು, ಪಕ್ಕದ ಕೊಳವೆಯಿಂದ ಗಟ್ಟಿಮುಟ್ಟಾದ ಎರಡು ಗಂಡನ್ನು ತಂದು ಒಳಗೆ ಬಿಟ್ಟಳು. ಮಹಾ ಕರುಣಾಮಯಿ!

ಎರಡು ತಿಂಗಳ ಮೇಲೆ ವಾರದ ಸಭೆಯಲ್ಲಿ ಹುಡುಗಿ ಎದ್ದು ನಿಂತಳು. ಕೈನೇಸ್ ಎಂಬ ಕಿಣ್ವ ಸೂಚನೆ ಕೊಟ್ಟರೆ, ನರವು ಸ್ನಾಯುವನ್ನು ಮುಟ್ಟುವ ಕಡೆ ಗಂಟು ಗಂಟಾಗಿ ಬೆಳೆಯುತ್ತದೆ. ಆ ಕಿಣ್ವ ಕೆಟ್ಟಿರುವ ತನ್ನ ಕೊಳವೆಯ ನೊಣದ ಮರಿಹುಳುಗಳಲ್ಲಿ ಗಂಟು ಅರ್ಧಕ್ಕರ್ಧ ಕಡಿಮೆ ಎಂದು ಅವಳು ಮೂರು ವರ್ಷ ಎಣಿಸಿದ್ದಳು. ಈಗ ಎಣಿಸಿದರೆ ಗಂಟುಗಳೆಲ್ಲ ತುಂಬಿಕೊಂಡಿವೆ.

“ಮೊದ್ಲು ನಾನೇ ತಪ್ಪು ಎಣಿಸಿರ್ಬೇಕು. ಕ್ಷಮಿಸಿ,” ಎಂದಳು.

ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಅಕ್ಕನಿಗೆ ಆಗ ಹೊಳೆಯಿತು. ತಾನು ಬಿಟ್ಟ ಗಂಡುಗಳ ಮಕ್ಕಳಲ್ಲವೇ ಅವು!

ಅಂದಿನಿಂದ ಯಾರಾದರೂ ‘ಕೊಳವೆ’ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವಳದು. ನಾಲಿಗೆಯ ತುದಿಗೆ ಬಂದದ್ದನ್ನು ಎಂಟು ದಿನ ನುಂಗಿದಳು. ಕೆಲಸ ಹೋದೀತೆಂಬ ಭಯವಿತ್ತು. ನಿಜ ಹೇಳಬೇಕೆಂದರೆ, ‘ಅಕ್ಕನ ಕೈ ತಪ್ಪೋದಿಲ್ಲ’ ಎಂಬ ಹೆಸರು ಹೋದೀತೆಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಒಂಬತ್ತನೆಯ ದಿನ ಹುಡುಗಿ ತನ್ನ ಕೊಳವೆಗಳನ್ನೆಲ್ಲ ನೊಣಗಳ ಸಮೇತ ತೊಳೆಯಲು ತಂದಿಟ್ಟಳು. “ಓದು ಬಿಟ್ಬಿಡ್ತೀನಿ ಅಕ್ಕಾ. ನನ್ನ ಕಣ್ಣನ್ನೇ ನಂಬೋಕಾಗ್ತಿಲ್ಲ.”

“ನಿನ್ನ ಕಣ್ಣು ಸರಿಯಾಗೇ ಇದೆ ಕಣಮ್ಮಾ. ನಿನ್ನ ಕೊಳವೆಯೊಳಗೆ ಬೇರೆ ಗಂಡು ಬಿಟ್ಟಿದ್ದು ನಾನು,” ಎಂದಳು ಅಕ್ಕ. ತಲೆ ಎತ್ತದೆ ಎಲ್ಲವನ್ನೂ ಹೇಳಿದಳು.

ಹುಡುಗಿ ಸ್ಟೂಲಿನ ಮೇಲೆ ಕುಸಿದು ಕೂತಳು. “ಹಾಗಾದ್ರೆ ನನ್ನ ಎಣಿಕೆ ಸರಿ ಇತ್ತು,” ಎಂದು ಎರಡು ಸಲ ಹೇಳಿಕೊಂಡಳು. ಈ ನೊಣಗಳಿಂದಲೇ ಹಳೆಯ ಸಂತತಿಯನ್ನು ಬೇರ್ಪಡಿಸಬಹುದು ಎಂದು ಕೊಳವೆಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟುಕೊಂಡಳು. ಅಕ್ಕ ಬೈಗುಳಕ್ಕೆ ಕಾದಳು. ಬರಲಿಲ್ಲ.

ಬಾಗಿಲವರೆಗೆ ಹೋದ ಹುಡುಗಿ ತಿರುಗಿ ನಿಂತಳು.

“ಗೊತ್ತಿದ್ದೂ, ಎಂಟು ದಿನ ನನ್ನ ಮುಖ ನೋಡ್ತಾ ಇದ್ರಲ್ಲ ಅಕ್ಕಾ?”