ಅಣ್ಣನ ಹೆಸರಿನ ರಕ್ತ

ನನ್ನ ಅಣ್ಣನನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಅನ್ನುತ್ತಾರೆ. ಕಾರು ಓಡಿಸುವುದನ್ನು ಕಲಿಸುವುದು ಅವನ ಕೆಲಸ. ಕಲಿಯುವವರ ಕಾಲ ಬಳಿ ಇರುವಂಥದ್ದೇ ಇನ್ನೊಂದು ಬ್ರೇಕು ಅವನ ಸೀಟಿನ ಮುಂದೆಯೂ ಇದೆ. ಎದುರಿಗೆ ಲಾರಿ ಬಂದು, ಕಲಿಯುವವರು ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರೂ ಇವನು ಗಾಬರಿಯಾಗುವುದಿಲ್ಲ. ಒಂದು ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ, ಮೆಲ್ಲಗೆ ಬ್ರೇಕ್ ಒತ್ತಿ, ಹೇಳುತ್ತಿದ್ದ ಸಿನಿಮಾ ಕಥೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾನೆ. ದಿನಾ ಬೆಳಗಾದರೆ ಜೀವ ಕೈಯಲ್ಲಿ ಹಿಡಿದುಕೊಂಡೇ ದುಡಿಯುವ ಈ ಗಂಡಸು, ಒಂದು ರಕ್ತ ಪರೀಕ್ಷೆಗೆ ಬಾ ಎಂದದ್ದಕ್ಕೆ ನನ್ನನ್ನು ಎರಡು ವರ್ಷ ಆಟ ಆಡಿಸಿದ. ಆ ಕಥೆಯನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ.

ನಾನು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಗಾಜಿನ ತೂತಿನಲ್ಲಿ ಬಾಯಿಟ್ಟು ಕೇಳಿದ್ದನ್ನೇ ಕೇಳುವ ಜನಕ್ಕೆ ಇಡೀ ದಿನ ಉತ್ತರ ಕೊಡುತ್ತೇನೆ. ನನಗೆ ತಾಳ್ಮೆ ಇಲ್ಲ ಎಂದು ಯಾರೂ ಹೇಳಬಾರದು. ಇದ್ದ ತಾಳ್ಮೆಯನ್ನೆಲ್ಲ ಅಣ್ಣ ಖಾಲಿ ಮಾಡಿದ, ಅಷ್ಟೆ.

ನಮ್ಮ ಅಪ್ಪ ಐವತ್ತು ದಾಟಲಿಲ್ಲ. ಕರುಳಿನ ಕ್ಯಾನ್ಸರ್. ಅವರ ಅಕ್ಕ ಇನ್ನೂ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಹೋಗಿದ್ದರು. ಅಪ್ಪ ಹೊತ್ತಿಗೆ ಸರಿಯಾಗಿ ಉಣ್ಣುತ್ತಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಎಲ್ಲರೂ ಮಾತಾಡಿಕೊಂಡರು. ನಾನು ಹೊತ್ತಿಗೆ ಸರಿಯಾಗಿ ಉಂಡೆ. ನನಗೂ ಬಂತು, ನಲವತ್ತೆರಡಕ್ಕೆ, ಅದೇ ಕರುಳಿನಲ್ಲಿ. ಅಷ್ಟು ಹೊತ್ತಿಗೆ ಅದು ಪಿತ್ತಕೋಶದ ಹತ್ತಿರದವರೆಗೂ ಹಬ್ಬಿತ್ತು.

ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಮನೆಮಂದಿಯಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಕ್ಯಾನ್ಸರ್ ಬಂದಿದ್ದರೆ ಅಂಥ ಕುಟುಂಬಗಳ ರಕ್ತ ತೆಗೆದು ಜೀನ್ ಪರೀಕ್ಷೆ ಮಾಡುತ್ತಿದ್ದರು. ನನ್ನದನ್ನೂ ನೋಡಿ ಡಾಕ್ಟರಮ್ಮ ಕೂರಿಸಿಕೊಂಡು ವಿವರಿಸಿದರು. ಮೈಯೊಳಗಿನ ಜೀವಕೋಶ ಎರಡಾಗುವಾಗ ತನ್ನೊಳಗಿನ ಬರಹವನ್ನು ನಕಲು ಮಾಡಿಕೊಳ್ಳುತ್ತದಂತೆ. ಆಗ ಅಲ್ಲಲ್ಲಿ ತಪ್ಪಾಗುವುದು ಸಹಜ, ಅದನ್ನು ತಿದ್ದಲು ಬೇರೆ ಜೀನ್‌ಗಳಿವೆ. ನಮ್ಮ ಮನೆತನದಲ್ಲಿ ಆ ತಿದ್ದುವ ಜೀನ್ ಒಂದು ಕೆಟ್ಟಿದೆ. ಅಪ್ಪನಿಂದ ನನಗೆ ಬಂದಿದೆ. ತಪ್ಪುಗಳು ತಿದ್ದದೇ ಉಳಿದು ಗುಡ್ಡೆಯಾಗಿ ಕ್ಯಾನ್ಸರ್ ಬೇಗ ಬರುತ್ತದೆ.

ಆದರೆ ಇದರಲ್ಲೇ ಒಂದು ಒಳ್ಳೆಯದೂ ಇತ್ತು. ರೋಗದ ಜೊತೆ ಹೋರಾಡುವ ನಮ್ಮ ಮೈಯ ಕಾವಲು ಕೋಶಗಳು ನಮ್ಮ ಮೇಲೆಯೇ ಏರಿ ಬಾರದಿರಲಿ ಎಂದು ಅವುಗಳಿಗೊಂದು ಬ್ರೇಕು ಇರುತ್ತದೆ. ಕ್ಯಾನ್ಸರ್ ಉಪಾಯವಾಗಿ ಆ ಬ್ರೇಕನ್ನು ಒತ್ತಿ ಹಿಡಿದು ತಾನು ಬೆಳೆಯುತ್ತದೆ. ಇಮ್ಯುನೋಥೆರಪಿ ಔಷಧಿ ಬ್ರೇಕಿನ ಮೇಲಿರುವ ಆ ಕಾಲನ್ನು ತೆಗೆಸುತ್ತದೆ. ನಮ್ಮಂಥವರ ಗಡ್ಡೆಯಲ್ಲಿ ತಪ್ಪುಗಳು ತುಂಬಿರುವುದರಿಂದ ಕಾವಲು ಕೋಶಗಳಿಗೆ ಅದರ ಗುರುತು ಸುಲಭವಾಗಿ ಸಿಗುತ್ತದೆ, ಹಾಗಾಗಿ ಈ ಔಷಧಿ ನಮಗೆ ಚೆನ್ನಾಗಿ ಹಿಡಿಯುವ ಸಾಧ್ಯತೆ ಹೆಚ್ಚು ಎಂದರು. ನನಗೆ ಹಿಡಿಯಿತು. ಮೂರು ವಾರಕ್ಕೊಮ್ಮೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುತ್ತಿದ್ದೆ, ಗಡ್ಡೆ ಕರಗುತ್ತ ಬಂತು.

ಅಣ್ಣ ಇದನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ. ಬ್ರೇಕಿನ ವಿಷಯ ಅವನಿಗೆ ಹೇಳಬೇಕೇ? ಕಾರು ಕಲಿಯಲು ಬಂದವರಿಗೆಲ್ಲ ನನ್ನ ಕ್ಯಾನ್ಸರಿನ ಪಾಠ ಶುರುವಾಯಿತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡರೆ ಸಾಕು, ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಲು ಕೂರುತ್ತಿದ್ದ. ಗುರುತಿಲ್ಲದ ಹೆಂಗಸೊಬ್ಬಳು ನನ್ನ ಕೌಂಟರಿಗೆ ಬಂದು, ನಿಮ್ಮ ಗಡ್ಡೆ ಈಗ ಎಷ್ಟಾಗಿದೆ ಎಂದು ಟಿಕೆಟ್‌ಗಿಂತ ಮೊದಲು ಅದನ್ನೇ ಕೇಳಿದಳು.

ಇಷ್ಟೆಲ್ಲ ತಲೆಗೆ ಹೋದವನಿಗೆ ಡಾಕ್ಟರಮ್ಮ ಹೇಳಿದ ಮುಂದಿನ ಮಾತು ಮಾತ್ರ ಹೋಗಲಿಲ್ಲ. ಅಪ್ಪನಿಂದ ನನಗೆ ಬಂದದ್ದು ಅವನಿಗೂ ಬಂದಿರುವ ಸಂಭವ ಅರ್ಧಕ್ಕರ್ಧ. ರಕ್ತ ಕೊಟ್ಟರೆ ಗೊತ್ತಾಗುತ್ತದೆ. ಆ ಕೆಟ್ಟ ಜೀನ್ ಇಲ್ಲದಿದ್ದರೆ ನಿಶ್ಚಿಂತೆ. ಇದ್ದರೆ ವರ್ಷ ವರ್ಷ ಕೊಳವೆ ಹಾಕಿ ಕರುಳು ನೋಡುತ್ತಾರೆ, ಸಣ್ಣ ಗಂಟು ಕಂಡರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ, ಅದು ಕ್ಯಾನ್ಸರ್ ಆಗುವವರೆಗೆ ಕಾಯುವ ಪ್ರಮೇಯವೇ ಇಲ್ಲ. ಅಣ್ಣನಿಗೆ ಆಗ ನಲವತ್ತೇಳು. ಅಪ್ಪನಿಗೆ ಕಾಯಿಲೆ ಗೊತ್ತಾದ ವಯಸ್ಸು.

ಅವನು ಹೇಳಿದ ನೆಪಗಳನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಒಮ್ಮೆ ಕಾರಿನ ಕ್ಲಚ್ ಹೋಗಿತ್ತು. ಇನ್ನೊಮ್ಮೆ ಲೈಸೆನ್ಸ್ ಪರೀಕ್ಷೆಯ ದಿನ ಬಂದಿತ್ತು. ಮತ್ತೊಮ್ಮೆ ನೆಗಡಿ, ನೆಗಡಿಯಲ್ಲಿ ತೆಗೆದ ರಕ್ತ ಸರಿಯಿರುವುದಿಲ್ಲವಂತೆ. ಅತ್ತಿಗೆ ಬೈದು ಬೈದು ಸೋತಳು. ನಾನು ಫೋನ್ ಮಾಡಿದರೆ ಪಾಠದ ನಡುವೆ ಇದ್ದೇನೆ ಅನ್ನುತ್ತಿದ್ದ. ಪಾಠವಿಲ್ಲದ ಹೊತ್ತು ನೋಡಿ ಮಾಡಿದರೆ ಎತ್ತುತ್ತಲೇ ಇರಲಿಲ್ಲ. ಅವನಿಗೆ ಸೂಜಿ ಕಂಡರೆ ಆಗದು ಎಂಬುದು ಚಿಕ್ಕಂದಿನಿಂದ ನನಗೆ ಗೊತ್ತು. ಇಷ್ಟು ದೊಡ್ಡ ದೇಹ, ಅಷ್ಟು ಸಣ್ಣ ಸೂಜಿ ಎಂದು ಹಂಗಿಸಿದೆ. ಹಂಗಿಸಿದ್ದಕ್ಕೆ ಮುನಿಸಿಕೊಂಡು ಒಂದು ತಿಂಗಳು ಮಾತು ಬಿಟ್ಟ. ಅದೂ ಒಂದು ನೆಪವೇ.

ಕೊನೆಗೆ ಒಂದು ಭಾನುವಾರ ಅಧ್ಯಯನದವರು ನಮ್ಮ ಬಡಾವಣೆಯ ಗ್ರಂಥಾಲಯದ ಕೋಣೆಯಲ್ಲೇ ರಕ್ತ ತೆಗೆಯಲು ಬಂದರು. ಅಂದು ಸಂಜೆ ಅಣ್ಣನಿಂದ ಮೆಸೇಜ್ ಬಂತು, ಕೊಟ್ಟಾಯಿತು, ಇನ್ನು ನನ್ನ ಜೀವ ತಿನ್ನಬೇಡ ಎಂದು. ನನಗೆ ಖುಷಿ ತಡೆಯಲಾಗಲಿಲ್ಲ. ಬೈದದ್ದಕ್ಕೆಲ್ಲ ಅವನ ಬಳಿ ಕ್ಷಮೆ ಕೇಳಿದೆ. ಕೇಳಿದೆನಲ್ಲ ಎಂದು ಈಗ ಹೊಟ್ಟೆ ಉರಿಯುತ್ತದೆ.

ಕೆಲವು ವಾರಗಳ ನಂತರ ನಾನು ಡ್ರಿಪ್‌ಗೆ ಹೋದಾಗ, ಕುಟುಂಬಗಳೊಂದಿಗೆ ಮಾತಾಡುವ ಸಲಹೆಗಾರ್ತಿ ನನ್ನ ಮಂಚದ ಬಳಿ ಬಂದು ಕೂತಳು. ಅಮ್ಮ ಎಂದಿನಂತೆ ಪಕ್ಕದಲ್ಲಿದ್ದರು. ಆ ಹುಡುಗಿ ಮೊದಲು ಹವಾಮಾನದ ಬಗ್ಗೆ ಮಾತಾಡಿದಳು, ನೀರು ಕುಡಿದಳು. ಆಮೇಲೆ, ನಿಮ್ಮ ಅಣ್ಣನಿಗೆ ಎಷ್ಟು ಸಲ ಫೋನ್ ಮಾಡಿದರೂ ಸಿಗುತ್ತಿಲ್ಲ, ಇನ್ನೊಮ್ಮೆ ರಕ್ತ ಕೊಡಲು ಹೇಳುತ್ತೀರಾ ಎಂದಳು. ಯಾಕೆ ಎಂದು ಅಮ್ಮ ಕೇಳಿದರು. ನಿಮ್ಮದೂ ಅಣ್ಣನದೂ ಮಾದರಿಗಳು ಒಂದಕ್ಕೊಂದು ಹೊಂದುತ್ತಿಲ್ಲ, ಒಡಹುಟ್ಟಿದವರದ್ದು ಹೊಂದಲೇಬೇಕು, ಬಾಟಲಿ ಅದಲುಬದಲಾಗಿರಬಹುದು ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ತಪ್ಪು ತಿಳ್ಕೋಬೇಡಿ ಅಮ್ಮ, ಕೇಳ್ಲೇಬೇಕು ಅಂತ ಕೇಳ್ತಿದೀನಿ. ಮಗನ್ನ ಏನಾದ್ರೂ ದತ್ತು ತಗೊಂಡಿದ್ರಾ?"

ಡ್ರಿಪ್ ಮುಗಿಯುವವರೆಗೆ ಅಮ್ಮ ನನ್ನ ಕಡೆಗೂ ತಿರುಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ, ಅವಳು ಕೇಳಿದ್ದು ದತ್ತಿನ ವಿಷಯ ಅಲ್ಲ, ಅಷ್ಟು ತಿಳಿಯದಷ್ಟು ದಡ್ಡಿ ನಾನಲ್ಲ ಎಂದರು. ಅವತ್ತು ಊಟ ಮಾಡಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಯಾರ ಬಾಯಿಗೂ ಸಿಗದಂತೆ ನಡೆದುಕೊಂಡು ಮಕ್ಕಳನ್ನು ಸಾಕಿದ ಹೆಂಗಸಿಗೆ ಎಪ್ಪತ್ತೊಂದರಲ್ಲಿ ಈ ಪ್ರಶ್ನೆ.

ನಾನು ಅಣ್ಣನ ಮನೆಗೆ ಓಡಿದೆ. ವಿಷಯ ಕೇಳಿ ಅವನ ಮುಖ ಬಿಳಿಚಿಕೊಂಡಿತು. ನಾನದನ್ನು ಸಿಟ್ಟು ಎಂದುಕೊಂಡೆ. ಅವನು ಲ್ಯಾಬಿನವರಿಗೆ ಬಾಯಿಗೆ ಬಂದಂತೆ ಬೈದ. ಬಾಟಲಿ ಮೇಲೆ ಹೆಸರು ಅಂಟಿಸಲು ಬಾರದವರು ಜೀನ್ ನೋಡುತ್ತಾರಂತೆ ಎಂದ. ಅದು ಅಮ್ಮನ ಕಿವಿಗೂ ಬಿತ್ತು. ಮಾರನೆಯ ದಿನ ಅಮ್ಮ ನನ್ನ ಮುಂದೆ ಬಂದು ನಿಂತು, ಅವರು ನೋಡಿದ ನಿನ್ನ ರಕ್ತ ನಿನ್ನದೇ ಅಂತ ಏನು ಗ್ಯಾರಂಟಿ, ಆ ಔಷಧಿ ನಿಲ್ಲಿಸು ಎಂದರು.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಗಡ್ಡೆ ಕರಗಿದ್ದು ಕಣ್ಣಿಗೆ ಕಾಣುತ್ತಿತ್ತು, ಸ್ಕ್ಯಾನ್ ಮುಂದಿಟ್ಟು ತೋರಿಸಿದೆ. ಅಮ್ಮ ಪಟ್ಟು ಬಿಡಲಿಲ್ಲ. ಮೂರು ದಿನ ವಾದ ಮಾಡಿದ ಮೇಲೆ ಒಂದು ಮಾತಿಗೆ ಬಂದರು. ತಾನೂ ಬರುತ್ತೇನೆ, ಮಗನೂ ಬರಲಿ, ಎಲ್ಲರ ಕಣ್ಣೆದುರಿಗೆ ತನ್ನ ರಕ್ತವನ್ನೂ ತೆಗೆಯಲಿ, ಅವನು ತನ್ನ ಹೊಟ್ಟೆಯಲ್ಲೇ ಹುಟ್ಟಿದವನು ಎಂದು ಆ ಹುಡುಗಿಯ ಬಾಯಲ್ಲೇ ಹೇಳಿಸುತ್ತೇನೆ ಎಂದರು. ಅಮ್ಮನ ಈ ಮಾತಿನಿಂದ ಅಣ್ಣನಿಗೆ ನುಣುಚಿಕೊಳ್ಳಲಾಗಲಿಲ್ಲ.

ಆ ಕೋಣೆ ಚಿಕ್ಕದು. ಒಂದು ಕುರ್ಚಿ, ಕೈ ಇಡಲು ಒಂದು ದಿಂಬು, ಗೋಡೆಗೆ ಕೈ ತೊಳೆಯುವ ವಿಧಾನದ ಚಿತ್ರ. ಅಮ್ಮನ ರಕ್ತ ಬೇಕಿಲ್ಲ, ಮಗನದ್ದು ಇನ್ನೊಮ್ಮೆ ಕೊಟ್ಟರೆ ಸಾಕು ಎಂದು ಸಲಹೆಗಾರ್ತಿ ಗೋಗರೆದಳು. ಮೊದಲು ನನ್ನದು ಎಂದು ಅಮ್ಮ ಕುರ್ಚಿಯಲ್ಲಿ ಕೂತು ರವಿಕೆಯ ತೋಳು ಮಡಚಿಯೇಬಿಟ್ಟರು. ನರ್ಸ್ ಚುಚ್ಚಿದಳು, ನರ ಸಿಗಲಿಲ್ಲ. ಇನ್ನೊಂದು ಕಡೆ ಚುಚ್ಚಿದಳು, ಅಲ್ಲಿ ನೀಲಿಗಟ್ಟಿತು. ಅಮ್ಮ ತುಟಿ ಕಚ್ಚಿಕೊಂಡು ಇನ್ನೊಂದು ಕೈ ಚಾಚಿದರು. ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವೆತಿದ್ದ.

"ಅಮ್ಮಂಗೆ ಚುಚ್ಚಬೇಡಿ," ಎಂದ. "ಅವತ್ತು ರಕ್ತ ಕೊಟ್ಟಿದ್ದು ನಾನಲ್ಲ."

ಅವನ ಡ್ರೈವಿಂಗ್ ಸ್ಕೂಲಿನ ಪಕ್ಕದಲ್ಲಿ ಪಂಕ್ಚರ್ ಅಂಗಡಿಯವನೊಬ್ಬನಿದ್ದಾನೆ. ಗಟ್ಟಿಮುಟ್ಟಾದ ಆಳು, ಒಂದು ದಿನವೂ ಕೆಮ್ಮಿದ್ದನ್ನು ಯಾರೂ ಕೇಳಿಲ್ಲ. ಅಣ್ಣ ಅವನನ್ನು ತನ್ನ ಹೆಸರಿನಲ್ಲಿ ಕಳಿಸಿದ್ದ. ಇವನ ರಕ್ತವಾದರೆ ಏನೂ ಇಲ್ಲ ಎಂದೇ ಬರುತ್ತದೆ, ಮನೆಯವರ ಬಾಯಿ ಮುಚ್ಚುತ್ತದೆ ಎಂಬ ಲೆಕ್ಕಾಚಾರ. ಸ್ವಂತ ಇಷ್ಟದಿಂದ ರಕ್ತ ಕೊಡಲು ಬಂದವರು ಬೇರೆಯವರ ಹೆಸರು ಹೇಳುತ್ತಾರೆಂದು ಯಾರಿಗೆ ತೋಚುತ್ತದೆ? ಅಲ್ಲಿಯವರು ಗುರುತಿನ ಚೀಟಿ ಕೇಳಿರಲಿಲ್ಲ. ಆ ಮಹಾನುಭಾವ ಆಮೇಲೆ ನನಗೆ ಸಿಕ್ಕಾಗ ಸಂಕೋಚವಿಲ್ಲದೆ, ಹೇಗೂ ನೋಡಿದ್ದಾರಲ್ಲ ಅಕ್ಕ, ನನ್ನದು ಹೇಗಿದೆಯಂತೆ ಎಂದು ವಿಚಾರಿಸಿದ.

ಸಲಹೆಗಾರ್ತಿ ಕಣ್ಣು ಕೆಳಗೆ ಹಾಕಿದಳು. ನರ್ಸ್ ಸೂಜಿ ಹಿಡಿದು ಹಾಗೇ ನಿಂತಳು. ನಾನು ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಅಮ್ಮ ಕುರ್ಚಿಯಿಂದ ಎದ್ದು ಅಣ್ಣನನ್ನು ಕೈ ಹಿಡಿದು ತಂದು ಕೂರಿಸಿದರು.

"ನಿಮ್ಮಪ್ಪನೂ ಹೀಗೇ ಕಣೋ. ಹೊಟ್ಟೆನೋವನ್ನ ಒಂದು ವರ್ಷ ನನ್ನ ಹತ್ರ ಬಚ್ಚಿಟ್ರು. ನನ್ನನ್ನ ಜನ ಏನು ಬೇಕಾದ್ರೂ ಅಂದ್ಕೊಳ್ಳಲಿ. ನೀನು ಕೈ ಚಾಚು."

ಅಣ್ಣ ಚಾಚಿದ. ಸೂಜಿ ಹೋದಾಗ ಗೋಡೆ ಕಡೆ ತಿರುಗಿದ್ದ, ಅಷ್ಟೆ. ಕೂಗಲೂ ಇಲ್ಲ, ಬೀಳಲೂ ಇಲ್ಲ. ಇಷ್ಟಕ್ಕಾಗಿ ಎರಡು ವರ್ಷ ಎಂದು ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬೆಂಚಿನ ಮೇಲೆ ಹತ್ತಿಯನ್ನು ತೋಳಿಗೆ ಒತ್ತಿಕೊಂಡು ಕೂತಿದ್ದವನ ಪಕ್ಕ ಹೋಗಿ, ಒಂದು ಸೂಜಿಗೆ ಹೆದರಿ ಅಮ್ಮನ ಮಾನ ಕಳೆಯುತ್ತಿದ್ದೆಯಲ್ಲ ಎಂದೆ.

"ಸೂಜಿಗಲ್ಲ ಕಣೇ," ಎಂದ. "ನನ್ನಲ್ಲಿದ್ರೆ ಮಗಳಲ್ಲೂ ಇರಬಹುದು. ನಾನೇ ಕೊಟ್ಟಿದ್ದು ಅಂತ ಗೊತ್ತಾದ್ಮೇಲೆ ಅವಳ ಮುಖ ಹೇಗೆ ನೋಡ್ಲಿ?"

ಅಣ್ಣನಿಗೆ ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ, ಕಾಲೇಜಿನಲ್ಲಿ ಓದುತ್ತಾಳೆ. ನೀನು ಪರೀಕ್ಷೆ ಮಾಡಿಸದಿದ್ದರೆ ಅವಳಲ್ಲಿರುವುದು ಮಾಯವಾಗುತ್ತದೆಯೇ ಎಂದು ನಾನು ಕೇಳಿದೆ. ನನಗೆ ಅಪ್ಪನಿಂದ ಬಂತು, ಅಪ್ಪನ ಮೇಲೆ ನನಗೆ ಯಾವತ್ತಾದರೂ ಕೋಪ ಬಂದಿದೆಯೇ ಎಂದೂ ಕೇಳಿದೆ. ಅವನು ಹತ್ತಿಯನ್ನೇ ನೋಡುತ್ತ ಕೂತ. ಅವತ್ತು ಮೊದಲ ಸಲ ಅವನ ಬಗ್ಗೆ ಕನಿಕರವಾಯಿತು, ಆದರೆ ಸಿಟ್ಟೇನೂ ಇಳಿಯಲಿಲ್ಲ.

ರಕ್ತದಲ್ಲಿ ಇದೆ ಎಂದೇ ಬಂತು. ಮುಂದಿನ ವಾರ ಕೊಳವೆ ಹಾಕಿ ನೋಡಿದಾಗ ಮೂರು ಗಂಟು ಸಿಕ್ಕವು. ಮೂರನ್ನೂ ಅಲ್ಲೇ ತೆಗೆದರು. ಒಂದು ಮಾತ್ರ ಕೆಡಲು ಶುರುವಾಗಿತ್ತು, ಬೇರು ಬಿಟ್ಟಿರಲಿಲ್ಲ. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದು ಡಾಕ್ಟರಮ್ಮ ನನ್ನನ್ನು ನೋಡಿ ಹೇಳಿದರು, ಅವನನ್ನು ಎರಡು ವರ್ಷ ಬಿಟ್ಟಿದ್ದು ನಾನೇ ಎನ್ನುವ ಹಾಗೆ.

ಈಗ ಮಗಳಿಗೆ ಹೇಳುವುದು ಉಳಿಯಿತು. ನಾನೇ ಹೇಳುತ್ತೇನೆ ಎಂದ ಅಣ್ಣ. ಹೇಳಲಿಲ್ಲ. ಅತ್ತಿಗೆ ದಿನಾ ಕೇಳಿದರೆ, ಅವಳಿಗೆ ಪರೀಕ್ಷೆ ಹತ್ತಿರ ಬಂದಿದೆ ಎಂದ. ಪರೀಕ್ಷೆ ಮುಗಿಯಿತು, ಈಗ ತಾನೇ ಮುಗಿಸಿ ಬಂದಿದ್ದಾಳೆ ಎಂದ. ನಾನು ರೋಸಿ ಹೋಗಿ, ಈ ಭಾನುವಾರ ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದ ಮೇಲೆ, ನೀನೂ ಪಕ್ಕದಲ್ಲಿರು ಎಂದು ಕರೆದ.

ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಅಣ್ಣ ಎದುರಿಗೆ ಕೂತು ಪೆಟ್ರೋಲ್ ಬೆಲೆಯ ಬಗ್ಗೆ ಮಾತಾಡಿದ. ಹೊಸದಾಗಿ ಸೇರಿದ ವಿದ್ಯಾರ್ಥಿಯೊಬ್ಬ ರಿವರ್ಸ್ ತೆಗೆಯುವ ರೀತಿ ವರ್ಣಿಸಿದ. ಎರಡು ಸಲ ಗಂಟಲು ಸರಿ ಮಾಡಿಕೊಂಡ. ಅವಳು ಪುಸ್ತಕ ಮುಚ್ಚಿದಳು.

"ಅಪ್ಪ, ನಂಗೆ ಗೊತ್ತು. ಅತ್ತೆಗೆ ಬಂದಾಗ್ಲೇ ಎಲ್ಲಾ ಓದ್ಕೊಂಡಿದೀನಿ."

ಮತ್ತೆ ನೀನು ಯಾಕೆ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ, ಹದಿನೆಂಟು ತುಂಬಿ ವರ್ಷವಾಯಿತಲ್ಲ ಎಂದು ನಾನು ಗದರಿಸಿದೆ. ಅವಳು ಅಪ್ಪನನ್ನೇ ನೋಡಿ ಹೇಳಿದಳು.

"ನನ್ನಲ್ಲಿದೆ ಅಂತ ಬಂದ್ರೆ ನಿನ್ನಲ್ಲೂ ಇದೆ ಅಂತ ಆಗುತ್ತಲ್ಲಪ್ಪ. ಆಮೇಲೆ ನೀನು ನನ್ನ ಮುಖ ನೋಡಲ್ಲ ಅನ್ನಿಸ್ತು. ಅದಕ್ಕೆ ಸುಮ್ನಿದ್ದೆ."

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಎದ್ದು ನಿಂತು ಇಬ್ಬರಿಗೂ ಸರಿಯಾಗಿ ಬೈದೆ, ಒಳಗಿದ್ದ ಅತ್ತಿಗೆ ಓಡಿ ಬರುವಷ್ಟು ಜೋರಾಗಿ ಬೈದೆ, ಬೈಯುತ್ತ ಬೈಯುತ್ತ ನನಗೇ ಅಳು ಬಂತು.